ಕರಗಿದ್ದರ ಕಾಲಂ

ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು.
ಬೆರಳು ಮರಗಟ್ಟುವ ಕೋಣೆ,
ಕೀಬೋರ್ಡಿನ ಸಂದಿಗೆಲ್ಲ ಉಪ್ಪು.

ಮೊಯ್ದಿನಬ್ಬ ಸಾಹುಕಾರರು ಕೇಳಿದ್ದು ಒಂದೇ:
ಇಲ್ಲಿಂದ ನೂರು ಹೊರಟರೆ
ಬೋಟಿಗೆ ಎಂಬತ್ತೆಂಟು ಯಾಕೆ?
ಅವರ ಹತ್ತಿರ ಉತ್ತರವೂ ಇತ್ತು, ಹೆಸರು ಸಮೇತ:
ಲೋಡಿಂಗಿನವ, ಬೆಂಗ್ರೆಯ ದಾಮು ಪುತ್ರನ್.

ಐದು ತಿಂಗಳ ಚೀಟಿಗಳು, ಒದ್ದೆಯಾಗಿ ಒಣಗಿದವು,
ಬೂತಾಯಿ ವಾಸನೆಯವು,
ಒಂದೊಂದಾಗಿ ಸಾಲಿಗೆ ಹಾಕಿದೆ.
ತಾರೀಕು. ಲಾರಿ. ಹೊರಟದ್ದು. ಮುಟ್ಟಿದ್ದು.
ಕಳೆದದ್ದು ತಾನೇ ಬರುತ್ತದೆ,
ಮೇಲೊಂದು ಸೂತ್ರ ಬರೆದು
ಮೂಲೆ ಹಿಡಿದು ಕೆಳಗೆಳೆದರೆ ಸಾಕು.
ಬಲೆ ಎಳೆದ ಹಾಗಲ್ಲ, ಕೈ ಕೊಯ್ಯುವುದಿಲ್ಲ.

ಒಂದು ಕಡೆ ಉದ್ದಕ್ಕೂ ######.
"ಇದೆಂತ, ಬೈಯುವುದಾ?" ಎಂದರು ಸಾಹುಕಾರರು.
ಅಲ್ಲ, ಅಂಕೆ ದೊಡ್ಡದು, ಮನೆ ಸಣ್ಣದು ಎಂದೆ.
ಕಾಲಂ ಅಗಲ ಮಾಡಿದೆ; ನಷ್ಟ ಪೂರ್ತಿ ಕಂಡಿತು.
ಬೈಯುವುದೇ ವಾಸಿ ಇತ್ತು ಎಂದರು.

ದಾಮುವಿನ ಹೆಸರಿಗೆ ಫಿಲ್ಟರ್ ಹಾಕಿದೆ.
ಅವನಿದ್ದ ದಿನ ಹನ್ನೆರಡು.
ಅಕ್ಕನ ಮಗಳ ಮದುವೆಗೆಂದು
ಅವನು ಬಾರದ ವಾರ ಹದಿನಾಲ್ಕು.
ಸಾಹುಕಾರರು ಸ್ಕ್ರೀನನ್ನು ಬೆರಳಿನಿಂದ ಒರೆಸಿ ನೋಡಿದರು.

ಮತ್ತೊಂದು ಸಂಜೆ, ಸುಮ್ಮನೆ,
ಗೋಡೆಯ ಕ್ಯಾಲೆಂಡರಿನಿಂದ ತಿಥಿಗಳನ್ನು ಇಳಿಸಿ
ಹೊಸ ಕಾಲಮಿಗೆ ತುಂಬಿಸಿದೆ.
ದೊಡ್ಡದರಿಂದ ಸಣ್ಣದಕ್ಕೆ ಎಂದು ಒತ್ತಿದೆ.
ಅಮಾವಾಸ್ಯೆ ಹುಣ್ಣಿಮೆಗಳೆಲ್ಲ ಮೇಲೆದ್ದು ಬಂದವು:
ಇಪ್ಪತ್ತೆರಡು, ಇಪ್ಪತ್ತು, ಹತ್ತೊಂಬತ್ತು.
ಆ ದಿನಗಳಲ್ಲಿ ಸಂಜೆಗೆ ಇಳಿತ ಅಲ್ವಾ.
ಅಳಿವೆಯಲ್ಲಿ ನೀರಿಲ್ಲದೆ ಬೋಟು ಹೊರಗೇ ನಿಲ್ಲುತ್ತದೆ,
ಲಾರಿ ಮಾತ್ರ ಎರಡು ಗಂಟೆಯಿಂದ
ಬಿಸಿಲಲ್ಲಿ, ಸಮಯಕ್ಕೆ ಸರಿಯಾಗಿ.

ದಾಮುವಿಗೆ ತೋರಿಸಿದೆ.
ಬೀಡಿ ನಂದಿಸಿ, ಬಗ್ಗಿ ನೋಡಿದ.
"ನಾನು ಹೋದ ವರ್ಷವೇ ಹೇಳಿದ್ದೆ ಬಾಯಮ್ಮ."
ಹೌದು.
ಆದರೆ ಕಾಲಮಿನಲ್ಲಿ ಹೇಳಿರಲಿಲ್ಲ.

ಈಗ ಲಾರಿ ಹೊರಡುವುದು ಗಡಿಯಾರ ನೋಡಿ ಅಲ್ಲ, ನೀರು ನೋಡಿ.
ನೂರಕ್ಕೆ ತೊಂಬತ್ತಾರು ಮುಟ್ಟುತ್ತದೆ.
ಮೂರು ಕರಗುತ್ತದೆ, ಮಂಜುಗಡ್ಡೆ ಮತ್ತೆಂತ ಮಾಡಬೇಕು?
ಇನ್ನೊಂದು?

ಬೆಳಿಗ್ಗೆ ಗೇಟಿನ ಹೊರಗೆ
ಬಂಗುಡೆ ಬುಟ್ಟಿ ಹೊತ್ತು ಬಸ್ಸಿಗೆ ಓಡುವ ಹೆಂಗಸರ
ಕಿವಿಯ ಹಿಂದಿನಿಂದ ನೀರು ತೊಟ್ಟಿಕ್ಕುವುದು
ನಾನೂ ನೋಡಿದ್ದೇನೆ.
ದಾಮು ಆಗ ಹೊಳೆಯ ಕಡೆ ತಿರುಗಿ ನಿಂತಿರುತ್ತಾನೆ.

ಅದಕ್ಕೆ ಬೇರೆ ಕಾಲಂ ಮಾಡಲಿಲ್ಲ.
ಕರಗಿದ್ದು: ನಾಲ್ಕು,
ಎಂದು ಹೊಡೆದು
ಎಂಟರ್ ಒತ್ತಿದೆ.