ಎಳೆ

ಬನವಾಸಿ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ
ಡಾಂಬರು ಮುಗಿಯುತ್ತದೆ. ಬೋರ್ಡೂ ಇಲ್ಲ.
ಹನ್ನೊಂದು ಮನೆ, ಹನ್ನೊಂದು ಆರ್.ಆರ್. ನಂಬರು,
ಕೆಳಗಿನಕೇರಿ ಎಂದರೆ ನನ್ನ ಪಟ್ಟಿಯಲ್ಲಿ ಅಷ್ಟೇ.
ಹೋದ ತಿಂಗಳು ಬಂದಾಗ
ನಾಯಿಯೊಂದೇ ಮಾತಾಡಿಸಿತ್ತು.

ಇವತ್ತು ಅದೂ ಸುಮ್ಮನೆ ಮಲಗಿದೆ.
ಬಿಸಿಲಿಗೆ ಹರವಿದ ಪುಂಡಿನಾರು,
ಒರಳಿನ ಬದಿಗೆ ಕರಟದಲ್ಲಿ ಅಕ್ಕಿಯ ಬಿಳಿ,
ಇನ್ನೊಂದು ಕರಟದಲ್ಲಿ ಸುಟ್ಟ ಅಕ್ಕಿಯ ಕಪ್ಪು.
"ಚಪ್ಲಿ ಅಲ್ಲೇ ಬಿಡು ತಮಾ, ನೆಲ ಹಸಿ ಅದೆ"
ಎಂದಳು ಚೌಡಮ್ಮ, ತಿರುಗಿ ನೋಡದೆ.

ಜಗಲಿಯ ಕೆಮ್ಮಣ್ಣು ಗೋಡೆಯ ತುಂಬ
ಎಳೆ, ಎಳೆಯ ಪಕ್ಕಕ್ಕೆ ಎಳೆ,
ಜೇಡ ಕೂಡ ನಾಚಿ ಬೇರೆ ಮೂಲೆ ನೋಡಿಕೊಳ್ಳುವಷ್ಟು ಸಣ್ಣ.
ಉಸಿರು ಹಿಡಿದು ಒಂದು ಎಳೆಯುತ್ತಾಳೆ,
ಬಿಡುತ್ತಾಳೆ,
ಇನ್ನೊಂದಕ್ಕೆ ಮತ್ತೆ ಹಿಡಿಯುತ್ತಾಳೆ.
ನಾನು ಹುಡುಕುತ್ತಿದ್ದದ್ದು ಮೀಟರು.

ಅದು ಅಲ್ಲೇ ಇತ್ತು, ಹಸೆಯ ಮಧ್ಯ,
ಮದುಮಗ ಇರಬೇಕಾದ ಜಾಗದಲ್ಲಿ.
"ನಿಮ್ಮವ್ರೇ ಬಂದು ಮೊಳೆ ಹೊಡ್ದು ಹೋದ್ರು.
ಮಗಳ ಮದ್ವೆಗೆ ಬರ್ದ ಗೋಡೆ ಇದು,
ಗಂಡಿನ ಕಡೆ ಪೂರಾ ಉದ್ರೋಯ್ತು."
ನಾನು ಬಾಯಿ ತೆರೆಯುವ ಮೊದಲೇ ನಕ್ಕಳು:
"ಇರ್ಲಿ ಬಿಡು. ಇವಂಗೆ ಕೆಂಪು ಕಣ್ಣಾದ್ರೂ ಅದೆ,
ಹಗಲೂ ರಾತ್ರಿ ಮಿಟುಕಿಸ್ತಾನೆ.
ನನ್ನ ಅಳಿಯ ಅಷ್ಟೂ ಇಲ್ಲ."

ಪೆಟ್ಟಿಗೆಯ ನೆತ್ತಿಗೆ ಹಳದಿ ಬಾಸಿಂಗ ಕಟ್ಟಿದ್ದಾಳೆ.
ವಯರಿನ ಕೊಳವೆಯ ಗುಂಟ ಒಂದು ಏಣಿ
ಮಾಡಿನ ತನಕ ಹತ್ತಿದೆ,
ಹೊರಗಿನ ಕಂಬಕ್ಕೆ ಹಾರುವ ಯೋಚನೆ ಇದ್ದಂತಿದೆ.

ಬಗ್ಗಿ ಓದಿದೆ. ಹತ್ತೊಂಬತ್ತು ಯೂನಿಟ್ಟು.
ನನ್ನ ಯಂತ್ರದಲ್ಲಿ ಷರಾ ಅಂತ ಒಂದು ಕಾಲಂ:
ಬಾಗಿಲು ಹಾಕಿದೆ. ಗಾಜು ಒಡೆದಿದೆ. ನಾಯಿ ಇದೆ.
ಒಂಬತ್ತು ಸಂಕೇತಗಳು,
ಮೀಟರಿಗೆ ಮದುವೆಯಾಗಿದೆ ಎನ್ನುವುದಕ್ಕೆ ಒಂದೂ ಇಲ್ಲ.
ಖಾಲಿ ಬಿಟ್ಟೆ.

ಬಿಲ್ಲು ಕರ್ರೆಂದು ನಾಲಿಗೆ ಚಾಚಿತು.
ಸೆರಗಿಗೆ ಕೈ ಒರೆಸಿ ಇಸಿದುಕೊಂಡಳು,
ಮೊತ್ತ ನೋಡಲಿಲ್ಲ.
ಕೆಳಗಿನ ಬಾರ್‌ಕೋಡನ್ನು ಬೆಳಕಿಗೆ ಹಿಡಿದು
ಕಣ್ಣು ಕಿರಿದು ಮಾಡಿ
ಬಹಳ ಹೊತ್ತು.

"ಒಂದು ದಪ್ಪ, ಒಂದು ಸಪೂರ. ಸಂದೂ ಸಮ ಇಲ್ಲ.
ಯಾರು ತಮಾ ಇದನ್ನ ಎಳ್ದದ್ದು?
ಪಾಪ, ಕೈ ಇನ್ನೂ ಕುದುರ್ಲಿಲ್ಲ.
ನಾರು ಬದಲ್ಸುಕೆ ಹೇಳು."