ಬೆಳ್ಳಕ್ಕಿಗೆ ಎಷ್ಟು ಬೆಳಕು

ಎಕ್ಸ್‌ರೇ ಕೋಣೆಯಲ್ಲಿ ಹದಿನೇಳು ವರ್ಷ
ದಿನಕ್ಕೆ ನಲವತ್ತು ಸಲ ಹೇಳಿದ್ದೇನೆ:
ಉಸಿರು ಎಳ್ಕೊಳ್ಳಿ. ಹಾಗೇ ಹಿಡೀರಿ. ಅಲ್ಲಾಡ್ಬೇಡಿ.
ಈಗ ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ
ಭಾನುವಾರ ಆರೂಮುಕ್ಕಾಲಿಗೆ
ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತೇನೆ.
ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ದಾಟುತ್ತದೆ,
ಸೇತುವೆ ಉಸಿರು ಬಿಡುತ್ತದೆ.
ಹೋಯಿತು.

ಕ್ಯಾಮೆರಾ ಸೆಕೆಂಡ್‌ಹ್ಯಾಂಡು. ಸಂತೆಕಟ್ಟೆಯಲ್ಲಿ
ಮದುವೆ ಫೋಟೋ ತೆಗೆಯುತ್ತಿದ್ದವನದ್ದು;
ಬೋರಲು ಹಾಕಿ ಕೊಡವಿದರೆ
ಇನ್ನೂ ನಾಲ್ಕು ಅಕ್ಷತೆ ಉದುರಬಹುದು.

ಮೊದಲ ತಿಂಗಳ ಬೆಳ್ಳಕ್ಕಿಗಳೆಲ್ಲ ಸುಣ್ಣದ ಉಂಡೆ.
ರೆಕ್ಕೆಯಿಲ್ಲ, ಗರಿಯಿಲ್ಲ,
ಕಾಂಡ್ಲ ಗಿಡಗಳ ಕಪ್ಪಿನಲ್ಲಿ
ಯಾರೋ ಕಾಗದ ಹರಿದು ತೆಗೆದಂಥ ತೂತು.
ಕ್ಯಾಮೆರಾ ಪಾಪ, ಅಷ್ಟು ಕತ್ತಲೆ ಕಂಡು ಮರುಗಿ
ಇದ್ದಬದ್ದ ಬೆಳಕೆಲ್ಲ ಸುರಿದಿತ್ತು,
ಸಣಕಲು ಹುಡುಗನ ಎಲೆಗೆ
ಬೇಡ ಬೇಡವೆಂದರೂ ಬಡಿಸುವ ದೊಡ್ಡಮ್ಮನ ಹಾಗೆ.

ಗರುಡನದ್ದು ಇದರ ತಿರುಗು ಮುರುಗು.
ಬಿಳಿಚಿದ ಆಕಾಶದೆದುರು
ಬೆನ್ನಿನ ಕಾವಿಯೂ ಇಲ್ಲ, ಎದೆಯ ಬಿಳುಪೂ ಇಲ್ಲ,
ಬಾಣಲೆಯ ತಳ ಹಾರಿದಂತೆ.

ಮೂಳೆಗೆಷ್ಟು, ಮಾಂಸಕ್ಕೆಷ್ಟು,
ದಪ್ಪ ಹೊಟ್ಟೆಯ ಶೇಟರಿಗೆಷ್ಟು, ಹಸುಗೂಸಿಗೆಷ್ಟು
ನನಗೆ ಕಣ್ಣಳತೆಯಲ್ಲೇ ಗೊತ್ತು.
ಒಂದು ಗರಿಗೆ ಎಷ್ಟೆಂದು ಗೊತ್ತಿರಲಿಲ್ಲ.
ಅಲ್ಲಿ ಕೆಟ್ಟರೆ ಇನ್ನೊಂದು ತೆಗೆಯಬಹುದು,
ರೋಗಿ ಅಲ್ಲೇ ಇರುತ್ತಾನೆ.
ಹಕ್ಕಿ ರೋಗಿಯಲ್ಲ.

ಮೆಲ್ಲ ಕಲಿತೆ. ಮೀಟರು ಹೇಳಿದ್ದನ್ನು ಕೇಳಬೇಕು,
ಆಟೋದ ಮೀಟರಿನ ಹಾಗೆ, ಪೂರ್ತಿ ನಂಬಬಾರದು.
ಕಪ್ಪಿನೊಳಗಿನ ಬಿಳಿಗೆ ಗುಂಡಿ ಒಂದು ಗೆರೆ ಕೆಳಗೆ,
ಬಾನಿನೊಳಗಿನ ಕಪ್ಪಿಗೆ ಒಂದೂವರೆ ಮೇಲೆ.
ಕಾಂಡ್ಲ ಕತ್ತಲಾದರೆ ಆಗಲಿ,
ಅದಕ್ಕೆ ಅಭ್ಯಾಸವಿದೆ.

ಡೊಂಬಯ್ಯ ಕುಂದರ್ ದೋಣಿ ಕಟ್ಟಿ ಬಂದು
ಪರದೆಯ ಮೇಲೆ ಬೆರಳು ಆಡಿಸಿ ನಕ್ಕರು:
"ಎಲ್ಲ ನಟ್ಟನಡುವಿಗೇ ಕೂತಿದೆಯಲ್ಲ ಮಾರಾಯ್ರೆ,
ಆಧಾರ್ ಕಾರ್ಡಿಗೆ ತೆಗೆದದ್ದಾ?
ಹೊಳೆ ಬೇರೆ ವಾಲಿದೆ, ನೀರೆಲ್ಲ ಚೆಲ್ಲಿ ಹೋಗ್ತದೆ."

ಏನು ಹೇಳಲಿ. ನಡುವಿಗಿಡುವುದೇ ನನ್ನ ಹೊಟ್ಟೆಪಾಡು.
ಬೆನ್ನುಹುರಿ ಗೆರೆಗೆ ಸರಿಯಾಗಿ,
ಎರಡು ಹೆಗಲು ಒಂದೇ ಮಟ್ಟಕ್ಕೆ.
ಮಾರ್ಚಿನಲ್ಲಿ ಇವರನ್ನೂ ಹಾಗೇ ನಿಲ್ಲಿಸಿದ್ದೆ,
ತಣ್ಣಗಿನ ತಗಡಿಗೆ ಎದೆಯೊತ್ತಿ.
ಬಲಗಡೆ, ಮೇಲೆ, ಆ ಕಪ್ಪಿನಲ್ಲೂ
ಒಂದು ಬಿಳಿ ಬಂದು ಕೂತಿತ್ತು.
ಅಂಚು ಮಸುಕು. ಬೆಳಕಿನ ತಪ್ಪಲ್ಲ.
ಈಗ ಮಾತ್ರೆಯ ಐದನೇ ತಿಂಗಳು.
ಅದರ ಸುದ್ದಿ ಅವರು ಎತ್ತುವುದಿಲ್ಲ, ನಾನೂ.

"ನಾವು ಬಲೆ ಬೀಸುವುದು ಮೀನು ಇದ್ದಲ್ಲಿಗಲ್ಲ,
ಅದು ಹೋಗುವಲ್ಲಿಗೆ," ಅಂದರು.
"ಹಕ್ಕಿಗೆ ಹೋಗ್ಲಿಕ್ಕೆ ಸ್ವಲ್ಪ ಜಾಗ ಬಿಡಿ.
ಮತ್ತೆ, ಮೇಲಿಂದ ಬೆನ್ನು ನೋಡಿ ಎಂತ ಮಾಡ್ತೀರಿ?
ಇಳಿದು ಬನ್ನಿ."

ದೋಣಿಯಲ್ಲಿ ಕೂತರೆ ಹಕ್ಕಿಯ ಕಣ್ಣಿಗೆ ನನ್ನ ಕಣ್ಣು ಸಮ.
ಇಳಿತದ ನೀರು, ಕೆಸರಿನ ವಾಸನೆ,
ಜಲ್ಲು ಎತ್ತಿಟ್ಟು ಅವರು ಕೆಮ್ಮು ನುಂಗಿದರು,
ಹಕ್ಕಿ ಹಾರೀತೆಂದು.
ಒಂದು ಗೆರೆ ಕೆಳಗೆ. ಎಡದಂಚಿಗೆ ಬೆಳ್ಳಕ್ಕಿ.
ಬಲಕ್ಕೆಲ್ಲ ಬರೀ ನೀರು,
ಇನ್ನೂ ಯಾರೂ ಹೋಗದ ನೀರು.
ನಾವಿಬ್ಬರೂ ಉಸಿರು ಹಿಡಿದೆವು.
ಅದು ಎದ್ದಿತು.

ಗರಿ ಗರಿ ಬೇರೆ ಬೇರೆ ಬಂದಿದೆ,
ಎಣಿಸಬಹುದು.
ಡೊಂಬಯ್ಯ ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿ
"ಕಾಲು ಎಲ್ಲಿ?" ಅಂದರು.

ಚೌಕಟ್ಟಿನಾಚೆ ಉಳಿದಿದೆ ಕಾಲು.

"ಮುಂದಿನ ವಾರ," ಅಂದೆ.
"ಹ್ಞಾಂ, ಮುಂದಿನ ವಾರ," ಅಂದರು,
ಜಲ್ಲು ಊರಿದರು.