ಎರವಲು ಕೋಟು

ನನ್ನ ಕಚೇರಿಯಲ್ಲೊಂದು ಕಪಾಟು, ಬೀಗವಿಲ್ಲ.
ಒಳಗೆ ಹನ್ನೊಂದು ಕೋಟು.
ಏಳು ಕಪ್ಪು, ಮೂರು ಬೂದು,
ತೋಳು ಉದ್ದವಾಗಿ ಯಾರಿಗೂ ಒಗ್ಗದ ಒಂದು ನೀಲಿ.
ಸಂದರ್ಶನಕ್ಕೆ ತೊಟ್ಟು ಹೋಗಿ, ಮರಳಿ ತಂದು ತೂಗುಹಾಕಬೇಕು.
ನಿಯಮ ಇಷ್ಟೇ.
ಹದಿನಾಲ್ಕು ವರ್ಷದಲ್ಲಿ ಕಳೆದದ್ದು ಎರಡು.
ಒಂದನ್ನು ಒಯ್ದವಳು ಈಗ ನ್ಯಾಯಾಧೀಶೆ, ಕೇಳಲು ನಾಲಗೆ ಏಳದು.
ಇನ್ನೊಂದು ಹೋದ ವರ್ಷದ್ದು.

ಬಾಗಿಲ ಮೇಲಿನ ಫಲಕ:
ಡೊಲೋರೆಸ್ ಹಾಗೆನ್, ನಿರ್ದೇಶಕಿ, ಉದ್ಯೋಗ ಮಾರ್ಗದರ್ಶನ.
ಕಾನೂನು ಕಲಿಸುವವರು ಕೆಳಗಿನ ಮಹಡಿಗಳಲ್ಲಿದ್ದಾರೆ.
ನಾನು ಕಲಿಸುವುದು ಕೈ ಕುಲುಕುವುದು:
ಹಿಂಡಬೇಡ, ಸತ್ತ ಮೀನಿನಂತೆ ಚಾಚಲೂಬೇಡ.
ನಿನ್ನ ಕೊರತೆ ಏನೆಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ;
ಪೂರ್ತಿ ನಿಜ ಹೇಳಬೇಡ, ಸುಳ್ಳಂತೂ ಬೇಡವೇ ಬೇಡ,
ನಡುವೆ ಒಂದು ಕಾಲುದಾರಿಯಿದೆ, ಬಾ, ತೋರಿಸುತ್ತೇನೆ.

ಪಾ ನ್ಯಾ ವಾಂಗ್‌ಳ ಅರ್ಜಿಯಲ್ಲಿ
ಅನುಭವ ಎಂಬಲ್ಲಿ ಏನೂ ಇರಲಿಲ್ಲ.
ಒಂಬತ್ತನೇ ವಯಸ್ಸಿನಿಂದ ಅಜ್ಜಿಗೆ
ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮನೆಮಾಲೀಕನ ಹೊಸ್ತಿಲಲ್ಲಿ
ಇಂಗ್ಲಿಷನ್ನು ಹ್ಮೊಂಗ್ ಮಾಡಿ ಹೇಳಿದವಳು.
ಬರಿ, ಅಂದೆ.
ಅದು ಕೆಲಸವಲ್ಲ, ಅಜ್ಜಿ, ಅಂದಳು.
ಒಂದು ಗಂಟೆ ಜಗಳವಾಡಿದೆವು, ಒಂದು ಸಾಲಿಗಾಗಿ.
ಗೆದ್ದವರು ಯಾರೆಂದು ಇನ್ನೂ ಗೊತ್ತಿಲ್ಲ:
ಸಾಲು ಬರೆದಳು, ಅಕ್ಷರ ಮಾತ್ರ ಇರುವೆಗಿಂತ ಸಣ್ಣ.

ಮಾರ್ಚ್ ಬಂದರೆ ನಾನು ಲೆಕ್ಕದವಳು.
ಪದವಿ ಪಡೆದು ಹತ್ತು ತಿಂಗಳಾದವರನ್ನೆಲ್ಲ
ಕರೆದು ಕರೆದು ಕಾಲಂಗಳಲ್ಲಿ ಕೂರಿಸಬೇಕು.
ವಕೀಲಿ. ಬೇರೆ ಉದ್ಯೋಗ. ಹುಡುಕುತ್ತಿದ್ದಾರೆ. ತಿಳಿದಿಲ್ಲ.
ಡೀನ್ ಥ್ಯಾಕರ್ ಬಾಗಿಲಿಗೆ ಒರಗಿ ನಿಂತು
ಹವಾಮಾನ ಕೇಳುವವನಂತೆ ಕೇಳುತ್ತಾನೆ: ತೊಂಬತ್ತು ದಾಟಿತೇ?
ಹೊರಗೆ ಸೇಂಟ್ ಪಾಲ್ ನಗರದಲ್ಲಿ ಸೊನ್ನೆಗಿಂತ ಕೆಳಗೆ ಹನ್ನೊಂದು.
ಒಳಗೆ ಎಂಬತ್ತೊಂಬತ್ತು ಚಿಲ್ಲರೆ.
ಊರಾಚೆಯ ಕೆರೆಯ ಮೇಲೆ ಮುದುಕರು
ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕೂತಿರುತ್ತಾರೆ,
ಅವರನ್ನು ಯಾರೂ ಶೇಕಡಾವಾರು ಕೇಳುವುದಿಲ್ಲ.

ತಿಳಿಯದವನು ಒಬ್ಬ: ಲಿಬಾನ್ ವರ್ಸಮೆ.
ನಾಲ್ಕನೇ ಸಲಕ್ಕೆ ಫೋನ್ ಎತ್ತಿದ.
ಹಿಂದೆ ಎಂಜಿನ್ನಿನ ಗುರುಗುಟ್ಟು, ಬಾಗಿಲು ನಿಟ್ಟುಸಿರಿಟ್ಟ ಸದ್ದು.
ಬಸ್ಸು ಓಡಿಸುತ್ತೇನೆ ಮೇಡಂ,
ಕೊನೆಯ ನಿಲ್ದಾಣ, ಏಳು ನಿಮಿಷ ಇದೆ.
ಬಾರ್ ಪರೀಕ್ಷೆ?
ಆರು ಅಂಕ ಕಡಿಮೆ ಬಿತ್ತು.
ಅವನು ಅಷ್ಟೇ ಹೇಳಿದ, ನಾನು ಅಷ್ಟೇ ಕೇಳಿದೆ.
ಆಮೇಲೆ: ತಿಳಿದಿಲ್ಲ ಅಂತಲೇ ಬರೆಯಿರಿ.
ಅಮ್ಮನಿಗೂ ತಿಳಿದಿಲ್ಲ.
ಬೆಳಗ್ಗೆ ನಿಮ್ಮ ಕೋಟು ತೊಟ್ಟು ಮನೆ ಬಿಡುತ್ತೇನೆ,
ಡಿಪೋದಲ್ಲಿ ಸಮವಸ್ತ್ರ, ಸಂಜೆ ಮತ್ತೆ ಕೋಟು.
ಅಮ್ಮ ಬಾಗಿಲಲ್ಲಿ ನಿಂತು ಹೆಗಲ ಧೂಳು ಕೊಡವುತ್ತಾಳೆ.

ಹತ್ತು ಸಲಹೆ ತುಟಿಯ ತನಕ ಬಂದವು,
ಎಲ್ಲ ನಾನೇ ಅಚ್ಚು ಹಾಕಿಸಿ ಹಂಚಿದವು.
ಒಂದೂ ಆ ಬಸ್ಸು ಹತ್ತಲಿಲ್ಲ.
ಕೇಳಿದ್ದು ಇದು: ಎರಡನೆಯ ಗುಂಡಿ ಇದೆಯಾ?
ಕಪ್ಪು ದಾರ ಸಿಗದೆ ಹಸಿರಿನಲ್ಲಿ ಹೊಲಿದಿದ್ದೆ.
ಇದೆ, ಅಂದ. ಗಟ್ಟಿ ಇದೆ.
ಗುಂಡಿ ಗಟ್ಟಿಯಿದ್ದರೆ ಸಾಕೇ, ಗುಂಡಿಗೆ?
ಅದನ್ನು ಕೇಳಲಿಲ್ಲ. ಏಳು ನಿಮಿಷ ಮುಗಿದಿತ್ತು.

ವರದಿಯಲ್ಲಿ ಹೆಸರಿಲ್ಲ, ಬರೀ ಸಂಖ್ಯೆ.
ತಿಳಿದ ಮೇಲೆ ತಿಳಿದಿಲ್ಲವೆಂದು ಬರೆಯಲು ಕೈ ಬರಲಿಲ್ಲ.
ಬೇರೆ ಉದ್ಯೋಗಕ್ಕೆ ಒಂದು ಸೇರಿಸಿದೆ.
ತೊಂಬತ್ತು ದಾಟಿತು.
ಡೀನ್ ನಕ್ಕ, ದವಡೆಹಲ್ಲು ಕಾಣುವಷ್ಟು.
ನನಗೋ, ಯಾರದೋ ಜೇಬಿಗೆ ಕೈ ಹಾಕಿದಂತೆ.

ಸಂಜೆ ಕಪಾಟಿನ ಪಟ್ಟಿ ತೆಗೆದು
ಕಳೆದಿದೆ ಎಂಬುದನ್ನು ಹೊಡೆದು ಬರೆದೆ: ಬಳಕೆಯಲ್ಲಿದೆ.
ತಲೆಯೆತ್ತಿದರೆ ಬಾಗಿಲಲ್ಲಿ ಪಾ ನ್ಯಾ.
ನಾಳೆ ಒಂಬತ್ತಕ್ಕೆ ಸಂದರ್ಶನವಂತೆ.
ಹೆಗಲಿಗೆ ಕೂತದ್ದು ಆ ನೀಲಿಯೊಂದೇ,
ತೋಳು ಇಳಿದು ಬೆರಳು ಮುಚ್ಚಿತು.
ಕೂರು, ಅಂದು ಸೂಜಿ ಹುಡುಕಿದೆ.
ದಾರ, ಹಸಿರೇ ಇತ್ತು.